ಬ್ಯಾಡಗಿಯಲ್ಲಿ ಸೀನುತ್ತ ತೆಗೆದ ಫೋಟೊ

ಕ್ಯಾಮೆರಾ ಕೊಂಡು ಎಂಟು ತಿಂಗಳಾದರೂ ನನ್ನ ಬಳಿ ಇದ್ದದ್ದು ಬರೀ ಬೆನ್ನುಗಳ ಚಿತ್ರಗಳು. ಬಸ್ಸು ಹತ್ತುವವರ ಬೆನ್ನು, ಚೀಲ ಹೊತ್ತವರ ಬೆನ್ನು, ಸೊಪ್ಪು ಮಾರುವ ಮುದುಕಿಯ ಬೆನ್ನು. ಹುಬ್ಬಳ್ಳಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಕೆಲಸ. ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತು ಮನುಷ್ಯರನ್ನು ಹನಿಗಳಲ್ಲಷ್ಟೇ ನೋಡುತ್ತಿದ್ದೆ. ನಲವತ್ತೈದು ದಾಟಿದ ಮೇಲೆ, ಇನ್ನಾದರೂ ಮುಖಗಳನ್ನು ನೋಡೋಣ ಅನ್ನಿಸಿ ಕ್ಯಾಮೆರಾ ಕೊಂಡೆ. ಆದರೆ ಯಾರಾದರೂ ತಿರುಗಿ ನೋಡಿದರೆ ಸಾಕು, ಕದಿಯುವಾಗ ಸಿಕ್ಕಿಬಿದ್ದವಳ ಹಾಗೆ ಕೈ ತಾನೇ ಕೆಳಗಿಳಿಯುತ್ತಿತ್ತು.

ಹುಬ್ಬಳ್ಳಿಯಲ್ಲಿ ಗುರುತಿನವರು ಹೆಚ್ಚು. ಗುರುತಿಲ್ಲದ ಊರಿನಲ್ಲಿ ಧೈರ್ಯ ಬಂದೀತು ಎಂದುಕೊಂಡು ಮೆಣಸಿನಕಾಯಿ ಸುಗ್ಗಿಯಲ್ಲಿ ಮೂರು ದಿನ ರಜೆ ಹಾಕಿ ಹಾವೇರಿಗೆ ಬಂದೆ. ಬಸ್ ನಿಲ್ದಾಣದ ಹತ್ತಿರ ಒಂದು ರೂಮು ಹಿಡಿದೆ.

ಮೊದಲ ದಿನ ಬೆಳಿಗ್ಗೆ ಪೇಟೆಯಲ್ಲಿ ಒಂದು ಕ್ಷೌರದ ಅಂಗಡಿ ಕಂಡಿತು. ಬಾಗಿಲು ತೆರೆದಿತ್ತು. ಒಬ್ಬ ದಪ್ಪ ಮೀಸೆಯ ಮನುಷ್ಯ ಮುಖಕ್ಕೆಲ್ಲ ನೊರೆ ಬಳಿಸಿಕೊಂಡು ಕನ್ನಡಿಯ ಮುಂದೆ ಕೂತಿದ್ದ. ನಾನು ರಸ್ತೆಯ ಈಚೆ ವಿದ್ಯುತ್ ಕಂಬದ ಮರೆಯಲ್ಲಿ ನಿಂತು ಕ್ಯಾಮೆರಾ ಎತ್ತಿದೆ. ಆತ ತಿರುಗಲಿಲ್ಲ, ಕನ್ನಡಿಯಲ್ಲೇ ನನ್ನನ್ನು ನೋಡಿಬಿಟ್ಟ.

"ಅಕ್ಕಾರ, ಕಂಬದ ಹಿಂದ ಯಾಕ ನಿಂತೀರಿ? ಈ ಕಡೆ ಬರ್ರಿ, ಕುಂದ್ರಿ. ಮೀಸಿ ಒಂದು ಸರಿ ಆಗ್ಲಿ, ಆಮ್ಯಾಲೆ ತೆಗೀರಿ."

ಅಂಗಡಿಯವರೆಲ್ಲ ನಕ್ಕರು. ಓಡಿಹೋಗಲು ನಾಚಿಕೆಯಾಗಿ ಒಳಗೆ ಹೋಗಿ ಬೆಂಚಿನ ಮೇಲೆ ಕೂತೆ. ಚಹಾ ತರಿಸಿದರು. ಮೀಸೆ ತಿದ್ದಿಸಿಕೊಂಡು ಆತ ಕನ್ನಡಿಗೆ ಒಮ್ಮೆ, ನನಗೊಮ್ಮೆ ಹುಬ್ಬು ಹಾರಿಸಿದ. ಅದೇ ನನ್ನ ಮೊದಲ ಮುಖ.

"ಕೇಳಿ ತೆಗದ್ರ ಏನು ಹೋಗತೈತ್ರಿ? ಬ್ಯಾಡ ಅಂದ್ರ ಮುಂದಿನ ಅಂಗಡಿ ಐತಿ," ಎಂದು ಆತ ಹೋದ. ಎಂಟು ತಿಂಗಳಿಂದ ಈ ಮಾತು ನನಗೇ ಯಾಕೆ ಹೊಳೆದಿರಲಿಲ್ಲವೋ.

ಮರುದಿನ ರೈಲಿನಲ್ಲಿ ಬ್ಯಾಡಗಿಗೆ ಹೋದೆ. ನಿಲ್ದಾಣದಲ್ಲಿ ಇಳಿಯುತ್ತಲೇ ಮೂಗಿಗೆ ಊರಿನ ಗುರುತು ಹತ್ತಿತು. ಮಾರುಕಟ್ಟೆಯ ಹತ್ತಿರ ಒಂದು ಅಂಗಳದಲ್ಲಿ ಇಪ್ಪತ್ತು ಹೆಂಗಸರು ಮೆಣಸಿನಕಾಯಿಯ ರಾಶಿಗಳ ಸುತ್ತ ಕೂತು ತುಂಬು, ಅಂದರೆ ತೊಟ್ಟು, ಬಿಡಿಸುತ್ತಿದ್ದರು.

"ಫೋಟೊ ತೆಗೀಲೇನ್ರಿ?" ಎಂದು ಕೇಳಿದೆ. ಈ ಸಲ ಕಂಬದ ಮರೆ ಹುಡುಕಲಿಲ್ಲ.

"ತೆಗೀರಿ. ಆದ್ರ ಮೊದಲ ಮೂಗಿಗೆ ಅರಬಿ ಕಟ್ಕೋರಿ," ಎಂದಳು ಮುಂದೆ ಕೂತಿದ್ದ ದೊಡ್ಡ ಕುಂಕುಮದ ಹಿರಿಯಾಕೆ.

ಬಟ್ಟೆ ಕಟ್ಟಿಕೊಂಡರೆ ಕನ್ನಡಕಕ್ಕೆ ಮಂಜು ಹಿಡಿಯುತ್ತದೆ ಎಂದು ನಾನು ಕಟ್ಟಿಕೊಳ್ಳಲಿಲ್ಲ. ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ್ದೇ ತಡ, ಸೀನು ಶುರುವಾಯಿತು. ಒಂದು, ಎರಡು, ಮೂರು. ನಿಲ್ಲುವ ಲಕ್ಷಣವೇ ಇಲ್ಲ. ಹೆಂಗಸರು ಗಟ್ಟಿಯಾಗಿ ಎಣಿಸತೊಡಗಿದರು. "ಏಳು! ಎಂಟು! ತಡೀರಿ, ಇನ್ನೊಂದು ಬರಾಕತ್ತೈತಿ!" ಪ್ರತಿ ಸೀನಿಗೂ ನನ್ನ ಬೆರಳು ಗುಂಡಿಯನ್ನು ಒತ್ತುತ್ತಿತ್ತು. ಹನ್ನೊಂದಕ್ಕೆ ನಿಂತಿತು. ಅಂಗಳಕ್ಕೆ ಅಂಗಳವೇ ನಗುತ್ತಿತ್ತು.

ಬಿಸಿಲಿಗೆ ಕ್ಯಾಮೆರಾದ ಪರದೆ ಕಾಣಲಿಲ್ಲ. ಹಿರಿಯಾಕೆ ಕೇಳಿದಳು: "ನಂದು ಬಂದೈತೇನ್ರಿ? ಕಾಗದದ ಮ್ಯಾಲ ಹಾಕಿಸಿ ಕೊಡ್ರಿ." ಆಮೇಲೆ ದನಿ ಇಳಿಸಿ, "ಬಾಜೂದಾಕಿ ಬಂದಿದ್ರ ಆಕಿನ್ನ ಕತ್ತರಿಸಿಬಿಡ್ರಿ," ಎಂದಳು.

ನಾನು ಮುಖ ತೊಳೆಯಲು ನಲ್ಲಿಗೆ ಹೋದಾಗ ಆ ಬಾಜೂದಾಕೆ, ಪಕ್ಕದಲ್ಲಿ ಕೂತಿದ್ದ ಚಸ್ಮಾ ಹಾಕಿದ ತೆಳ್ಳನೆಯ ಹೆಂಗಸು, ಹಿಂದೆಯೇ ಬಂದಳು. ಅವಳ ಕೋರಿಕೆಯೂ ಅದೇ. ಕುಂಕುಮದಾಕೆ ಇರಬಾರದು.

ಇಬ್ಬರಿಗೂ ಹೂಂ ಅಂದೆ. ಹೊರಡುವಾಗ ಮತ್ತೊಬ್ಬಾಕೆ ವಿಷಯ ಬಿಡಿಸಿ ಹೇಳಿದಳು. ಇಬ್ಬರೂ ಒಂದೇ ಓಣಿಯವರು, ಇಪ್ಪತ್ತು ವರ್ಷದಿಂದ ಅಕ್ಕಪಕ್ಕ ಕೂತು ದುಡಿಯುವವರು. "ಚಸ್ಮಾದಾಕಿ ಆಡು ಕುಂಕುಮದಾಕಿ ಒಣಹಾಕಿದ್ದ ಸಂಡಿಗಿ ತಿಂತ್ರಿ. ದೀಪಾವಳಿಯಿಂದ ಮಾತಿಲ್ಲ. ಜಾಗಾನೂ ಬಿಡವಲ್ರು, ಮಾತೂ ಆಡವಲ್ರು."

ಮೂರನೆಯ ದಿನ ರಾಣೇಬೆನ್ನೂರಿನ ಬೀದಿಗಳನ್ನು ಸುತ್ತಿ, ಒಂದು ಫೋಟೊ ಸ್ಟುಡಿಯೋಗೆ ಹೋದೆ. ವಯಸ್ಸಾದ ಮಾಲೀಕರು ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿದರು. ಹತ್ತು ಚಿತ್ರ ಅಲುಗಾಡಿ ಕೆಟ್ಟಿದ್ದವು. ಒಂದು ಮಾತ್ರ ಕನ್ನಡಿಯಷ್ಟು ಸ್ವಚ್ಛ. ಅದರಲ್ಲಿ ಆ ಇಬ್ಬರೂ ತಲೆಗೆ ತಲೆ ತಾಗಿಸಿ, ಬಾಯಿ ತುಂಬ ನಗುತ್ತಿದ್ದರು. ಚಸ್ಮಾದಾಕೆ ಕುಂಕುಮದಾಕೆಯ ಹೆಗಲನ್ನು ಗಟ್ಟಿಯಾಗಿ ಹಿಡಿದಿದ್ದಳು. ನಗುವಿನಲ್ಲಿ ಇಬ್ಬರಿಗೂ ಅದರ ಅರಿವು ಇದ್ದಂತೆ ಕಾಣಲಿಲ್ಲ.

ಕತ್ತರಿಸಬೇಕೆಂದು ಹೇಳಿದೆ. ಅವರು ಗೆರೆಯನ್ನು ಅತ್ತಿತ್ತ ಎಳೆದು ನೋಡಿದರು.

"ಇಲ್ಲಿ ಕತ್ತರಿಸಿದ್ರ ಈಕಿ ಹೆಗಲ ಮ್ಯಾಲ ಒಂದು ಕೈ ಉಳೀತೈತ್ರಿ. ದೆವ್ವದ ಕೈ ಅಂತ ಹೆದರತಾರ. ಆಕಡೆ ಹೋದ್ರ ಆಕಿಗೆ ಕೈನ ಇರಂಗಿಲ್ಲ. ಹಂಗ ಪೂರ್ತಿ ಎರಡು ಹಾಕಿ ಕೊಡತೇನಿ. ಬೈದ್ರ ನನ್ನ ಮ್ಯಾಲ ಹಾಕ್ರಿ."

ಬಸ್ಸಿನಲ್ಲಿ ಬ್ಯಾಡಗಿಗೆ ಮರಳುವ ದಾರಿಯುದ್ದಕ್ಕೂ ನನಗೆ ಅಳುಕು. ಕೊಟ್ಟ ಮಾತು ತಪ್ಪಿದ್ದೆ. ಇನ್ನೊಬ್ಬರ ಜಗಳದಲ್ಲಿ ಕೈ ಹಾಕಲು ನಾನ್ಯಾರು? ಅಂಗಳಕ್ಕೆ ಹೋಗಿ ಇಬ್ಬರ ಕೈಗೂ ಒಂದೊಂದು ಲಕೋಟೆ ಕೊಟ್ಟು ಎರಡು ಹೆಜ್ಜೆ ಹಿಂದೆ ನಿಂತೆ.

"ಕತ್ತರಿಸ್ರಿ ಅಂದಿದ್ದೆ," ಎಂದಳು ಕುಂಕುಮದಾಕೆ.

"ಕತ್ತರಿಸಾಕ ಬರಲಿಲ್ರಿ. ಕೈ ನೋಡ್ರಿ," ಎಂದೆ.

ಆಕೆ ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಪಕ್ಕಕ್ಕೆ ತಿರುಗಿದಳು. "ಇದು ನಿನ್ನ ಕೈ ಅಲ್ಲೇನ?"

"ಮತ್ಯಾರದು? ನಕ್ಕೋತ ಹಿಂದ ಬೀಳಾಕತ್ತಿದ್ದಿ, ಹಿಡದೆ."

"ಬಿಡಬೇಕಿತ್ತು. ಮೆಣಸಿನಕಾಯಿ ಮ್ಯಾಲ ಬೀಳತಿದ್ದೆ, ಏನಾಗತಿತ್ತು?"

"ಏನಾಗತಿತ್ತು? ಖಾರಪುಡಿ ಆಗತಿತ್ತು."

ಯಾರೋ ಕಿಸಕ್ಕೆಂದರು. ಕುಂಕುಮದಾಕೆ ನಗಲಿಲ್ಲ. "ನಿನ್ನ ಆಡು ಇನ್ನೂ ಬಿಟ್ಟ ಮೇಯತೈತೇನು?"

"ಇಲ್ಲ. ಕಟ್ಟೇನಿ."

"ಯಾವಾಗಿಂದ?"

"ದೀಪಾವಳಿಯಿಂದ."

"ಹೇಳಬೇಕಿಲ್ಲೇನು?"

"ನೀ ಮಾತಾಡಿದ್ರ ಹೇಳತಿದ್ದೆ."

ಈಗ ಕುಂಕುಮದಾಕೆಗೂ ತಡೆಯಲಾಗಲಿಲ್ಲ. ಮೊದಲು ಹೆಗಲು ಕುಣಿಯಿತು, ಆಮೇಲೆ ನಗು ಬಂತು. ಚಸ್ಮಾದಾಕೆ ಚಸ್ಮಾ ತೆಗೆದು ಸೆರಗಿನಿಂದ ಒರೆಸಿದಳು, ಕಣ್ಣನ್ನೂ ಒರೆಸಿದಳು. ಮೆಣಸಿನಕಾಯಿಯ ಊರು, ಕಣ್ಣೀರು ಯಾತಕ್ಕೆ ಬಂತೆಂದು ಯಾರೂ ಕೇಳುವುದಿಲ್ಲ. ನನಗೂ ಬಂದಿತ್ತು.

ನಾನು ಹೊರಟೆ. ಇಬ್ಬರೂ ಬಿಡಲಿಲ್ಲ. "ಇದು ಆಟದ ಫೋಟೊ ಆತು. ಈಗ ಒಂದು ಖರೇ ಫೋಟೊ ತೆಗೀರಿ." ನಲ್ಲಿಯಲ್ಲಿ ಮುಖ ತೊಳೆದರು, ಸೆರಗು ಸರಿಮಾಡಿಕೊಂಡರು, ಅಂಗಳದ ಕಬ್ಬಿಣದ ಬಾಗಿಲಿಗೆ ಬೆನ್ನು ಹಚ್ಚಿ ನಿಂತರು. ನಿಂತರೆಂದರೆ ಮತದಾರರ ಚೀಟಿಗೆ ನಿಂತ ಹಾಗೆ. ಕೈ ಕೆಳಗೆ, ಬಾಯಿ ಬಿಗಿ, ನಡುವೆ ಒಂದು ಗೇಣು ಜಾಗ.

"ಸ್ವಲ್ಪ ನಗ್ರಿ," ಎಂದೆ.

"ಗ್ವಾಡಿಗೆ ಹಾಕೂ ಫೋಟೊದಾಗ ಯಾರು ನಗತಾರ್ರಿ? ಹಂಗ ತೆಗೀರಿ," ಎಂದು ಕುಂಕುಮದಾಕೆ ತುಟಿ ಅಲುಗಿಸದೆ ಗದರಿದಳು.

ತೆಗೆದೆ. ಮೂರು ವಾರದ ನಂತರ ಆ ಚಿತ್ರದ ಎರಡು ಪ್ರತಿ ಒಯ್ದು ಕೊಟ್ಟಾಗ ಇಬ್ಬರಿಗೂ ಬಲು ಖುಷಿ. ನಗುವಿನ ಚಿತ್ರ ಎಲ್ಲಿಟ್ಟಿರಿ ಎಂದು ಕೇಳಿದೆ. ಟ್ರಂಕಿನೊಳಗೆ, ಸೀರೆಗಳ ಕೆಳಗೆ, ಎಂದಳು ಚಸ್ಮಾದಾಕೆ; ಹಲ್ಲೆಲ್ಲ ಕಾಣುತ್ತವಂತೆ. ನಾನು ನನ್ನ ಪಸಂದು ಅದೇ ಎಂದು ವಾದ ಮಾಡಿದೆ. ಇಬ್ಬರೂ ಒಂದಾಗಿ, ಒಬ್ಬರ ಮಾತನ್ನು ಇನ್ನೊಬ್ಬರು ಮುಂದುವರಿಸುತ್ತ, ನನಗೆ ಫೋಟೊ ಅಂದರೆ ಹೇಗಿರಬೇಕು ಎಂದು ಅರ್ಧ ಗಂಟೆ ಪಾಠ ಹೇಳಿ ಕಳಿಸಿದರು.