ಬೆಟ್ಟದ ಓಣಿಗೆ ಒಂದು ಬ್ಯಾಟರಿ ಗಾಡಿ

ರಾಯದುರ್ಗದಲ್ಲಿ ನಮ್ಮ ಮನೆ ಬೆಟ್ಟಕ್ಕೆ ಆತುಕೊಂಡ ಓಣಿಯ ತುದಿಯಲ್ಲಿದೆ. ಮಕ್ಕಳ ಶಾಲೆ ಕೆಳಗೆ, ಬಜಾರಿನ ಹತ್ತಿರ. ಬೆಳಿಗ್ಗೆ ಇಳಿಯುವುದು ಸುಲಭ, ಸಂಜೆ ಹತ್ತುವುದೇ ಕಷ್ಟ. ನಾನು ಆ ಹೊತ್ತಿಗೆ ಶೇಂಗಾ ಮಂಡಿಯಲ್ಲಿ ಕೂತಿರುತ್ತಿದ್ದೆ, ಕೂತು ಕೂತು ಮೈ ಬೆಳೆಸಿಕೊಂಡಿದ್ದೆ. ನಾಲ್ಕು ವರ್ಷದ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು, ಎರಡನೇ ತರಗತಿಯ ಮಗಳ ಕೈ ಹಿಡಿದು ಆ ಏರು ಹತ್ತುತ್ತಿದ್ದವಳು ನನ್ನ ಹೆಂಡತಿ. ಕಳೆದ ವರ್ಷ ಅವಳು ದಾರಿಯಲ್ಲಿ ಎರಡು ಕಡೆ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳತೊಡಗಿದಳು.

"ಒಂದು ಬ್ಯಾಟರಿ ಗಾಡಿ ತಕ್ಕೊಡಿ, ನಾನೇ ಓಡಿಸ್ಕೊಂಡ್ ಬತ್ತೀನಿ. ಏದುಸಿರು ಬತ್ತೈತೆ" ಎಂದಳು.

ಅವಳು ಮಡಕಶಿರ ಕಡೆಯವಳು, ಅವಳ ಮಾತನ್ನು ಮನೆಯಲ್ಲಿ ಎಲ್ಲರೂ ಅಣಕಿಸುತ್ತಿದ್ದೆವು. ಆ ದಿನವೂ ನಾನು "ಬತ್ತೈತೆ" ಎಂದು ಅಣಕಿಸಿ ನಕ್ಕೆ. ಉಸಿರಿನ ವಿಷಯ ಕೇಳಲಿಲ್ಲ.

ಕೊಡಿಸಲು ಮನಸ್ಸಿರಲಿಲ್ಲ ಎಂದಲ್ಲ. ಆದರೆ ನಾನು ಹತ್ತು ಕಾಯಿ ಒಡೆದು ನೋಡದೆ ಒಂದು ಚೀಲ ಶೇಂಗಾ ಕೊಂಡವನಲ್ಲ. ಮಕ್ಕಳಿಬ್ಬರನ್ನೂ ಮಂಡಿಯ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿದೆ, ಅಷ್ಟೇ ತೂಕದ ಎರಡು ಚೀಲ ಶೇಂಗಾ ಕಟ್ಟಿಸಿದೆ. ನೋಡಿದ ಪ್ರತಿ ಗಾಡಿಗೂ ಆ ಚೀಲ ಹೇರಿ ನಮ್ಮ ಓಣಿಯ ಏರು ಹತ್ತಿಸಿದೆ. ಓಣಿಯವರಿಗೆ ಪುಕ್ಕಟೆ ತಮಾಷೆ.

ಅವಳಿಗೆ ಹಿಡಿಸಿದ್ದು ಮೊದಲ ದಿನ ನೋಡಿದ ನೀಲಿ ಗಾಡಿ. ಸೀಟು ತಗ್ಗು, ಅವಳ ಎರಡೂ ಕಾಲು ನೆಲಕ್ಕೆ ಎಟುಕುತ್ತಿದ್ದವು. ಚೀಲ ಹೇರಿ ನಾನು ಹತ್ತಿಸಿದಾಗ ಅದು ಅರ್ಧ ಏರಿಗೇ ನಿಂತು ಹಿಂದಕ್ಕೆ ಜಾರಿತು.

"ನಾನೊಂದ್ಸಲ ಓಡ್ಸಿ ನೋಡ್ಲಾ?"

"ಬಿದ್ದುಗಿದ್ದಿ, ಸುಮ್ಕಿರು" ಎಂದೆ. ನಮ್ಮಲ್ಲಿ ಗಾಡಿಯ ಟ್ರಯಲ್ ನೋಡುವುದು ಗಂಡಸರ ಕೆಲಸ, ಹೆಂಗಸರು ಬಣ್ಣ ಆರಿಸಿದರೆ ಸಾಕು.

"ಅಕ್ಕಾರಿಗೆ ಮನಸ್ಸಾಗೇತಿ, ತೊಗೊಳ್ರಿ ಅಣ್ಣಾರ" ಎಂದ ಅಂಗಡಿಯವನು.

"ಮಕ್ಳು ಕೂಡೋ ಗಾಡಿರಿ, ಅವಸರ ಮಾಡಬಾರ್ದು" ಎಂದು ಅವನನ್ನು ಕಳಿಸಿದೆ. ಆಮೇಲೆ ಬಳ್ಳಾರಿಗೆ ಹೋದೆ, ಅನಂತಪುರಕ್ಕೆ ಹೋದೆ. ಅಳೆದೂ ಸುರಿದೂ ಎಂಟು ತಿಂಗಳು ಕಳೆದೆ. ಅವಳು ಕೇಳುವುದನ್ನೇ ಬಿಟ್ಟಳು.

ಒಂದು ಸಂಜೆ ಮಗಳು ಮಂಡಿಗೆ ಒಬ್ಬಳೇ ಓಡಿ ಬಂದಳು. ಅಮ್ಮ ಎರಡನೇ ಕಟ್ಟೆಯ ಮೇಲೆ ಕೂತವಳು ಏಳುತ್ತಿಲ್ಲ ಎಂದಳು. ನಾನು ಹೋದಾಗ ಮಗ ಅವಳ ಮಡಿಲಲ್ಲೇ ಇದ್ದ, ಅವಳು ಇರಲಿಲ್ಲ. ಹೃದಯ ಬಹಳ ದಿನದಿಂದ ಸೋತಿತ್ತು, ಇಂಥ ಏರು ಹತ್ತಲೇಬಾರದಿತ್ತು ಎಂದರು ಡಾಕ್ಟರು.

ಮಕ್ಕಳು ಆ ಕಟ್ಟೆ ದಾಟಿ ನಡೆಯಲು ಒಪ್ಪಲಿಲ್ಲ. ಈಗಂತೂ ಗಾಡಿ ಬೇಕೇ ಬೇಕು. ಕಾರ್ಯಗಳೆಲ್ಲ ಮುಗಿದ ಮೇಲೆ, ಅವಳು ಮೆಚ್ಚಿದ್ದೆಂಬ ಒಂದೇ ಕಾರಣಕ್ಕೆ ನೀಲಿ ಗಾಡಿಯನ್ನು ಮತ್ತೊಮ್ಮೆ ತರಿಸಿದೆ. ಮಕ್ಕಳನ್ನು ನೋಡಿಕೊಳ್ಳಲು ಉಳಿದಿದ್ದ ಅವಳ ತಂಗಿ, ನಾನು ಬೇಡ ಎನ್ನುವಷ್ಟರಲ್ಲಿ ಮಗನನ್ನು ಮುಂದೆ ನಿಲ್ಲಿಸಿಕೊಂಡು, ಮಗಳನ್ನು ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟಳು. ಗಾಡಿ ಮೊದಲ ಕಟ್ಟೆ ದಾಟಿತು, ಎರಡನೆಯದೂ ದಾಟಿತು. ಎಲ್ಲೂ ನಿಲ್ಲದೆ ನಮ್ಮ ಮನೆ ಬಾಗಿಲು ಮುಟ್ಟಿತು. ಅಕ್ಕನದೇ ಮೈಕಟ್ಟು ಅವಳದು, ಊದಿದರೆ ಹಾರುವಂತಿದ್ದಾಳೆ.

ನಾನು ಕೆಳಗೆ ನಿಂತು ನೋಡುತ್ತಿದ್ದೆ. ಮಕ್ಕಳನ್ನು ಅಷ್ಟು ಕಟ್ಟುನಿಟ್ಟಾಗಿ ತೂಗಿದ್ದೆ. ಓಡಿಸಬೇಕಾದವಳನ್ನು ತೂಗಿರಲಿಲ್ಲ.

ಅವಳು ಇಳಿದು ಬಂದು ಕೇಳಿದಳು: "ಸಲೀಸಾಗಿ ಹತ್ತುತ್ತಲ್ಲ ಭಾವ. ಅಕ್ಕಂಗೆ ಯಾಕೆ ಬ್ಯಾಡ ಅಂದ್ರಿ?"

"ನಾನ ಕುಂತು ನೋಡಿದ್ದೆ" ಎಂದೆ.