ಹತ್ತು ಸಾವಿರದ ಮೂರು

1996ರಲ್ಲಿ ನಾನು ಒಂಬತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟೆ. ಹಾಗಂತ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಹಿಪ್ಪುನೇರಳೆ ಬೆಳೆದೆ, ರೇಷ್ಮೆ ಹುಳು ಸಾಕಿದೆ. ಲೆಕ್ಕದಲ್ಲಿ ನನ್ನನ್ನು ಯಾರೂ ಏಮಾರಿಸಲಾರರೆಂಬ ಜಂಬವೂ ಜೊತೆಗೇ ಬೆಳೆಯಿತು.

ಹೋದ ವರ್ಷ ಒಂದು ಭಾನುವಾರ, ಎಂಟನೇ ತರಗತಿಯಲ್ಲಿದ್ದ ಮಗಳು ನೋಟ್‌ಬುಕ್ ಹಿಡಿದು ಬಂದಳು. ಕೋಲಾರದ ಗಣಿತ ಸ್ಪರ್ಧೆಗೆ ಶಾಲೆಯಿಂದ ಒಬ್ಬರನ್ನೇ ಕಳಿಸುವುದು; ಆರಿಸಲು ಮೇಷ್ಟ್ರು ಒಂದು ಪ್ರಶ್ನೆ ಕೊಟ್ಟಿದ್ದರು. 10,003 ಎಂಥ ಸಂಖ್ಯೆ? ಬೆಸ, ವರ್ಗಸಂಖ್ಯೆಯಲ್ಲ ಎಂದು ಆಗಲೇ ಬರೆದಿದ್ದಳು. ಅವಿಭಾಜ್ಯವೋ ಸಂಯುಕ್ತವೋ ಎಂಬುದಷ್ಟೇ ಉಳಿದಿತ್ತು. ನೂರರೊಳಗೆ ಇಪ್ಪತ್ತೈದು ಅವಿಭಾಜ್ಯ ಸಂಖ್ಯೆಗಳಿವೆಯಂತೆ. ಅವುಗಳಲ್ಲಿ ಒಂದರಿಂದಲೂ ನಿಶ್ಶೇಷವಾಗಿ ಭಾಗವಾಗದಿದ್ದರೆ ಇದೂ ಅವಿಭಾಜ್ಯವೇ.

“ನಾನೂ ನೋಡ್ತೀನಿ ಇರು” ಎಂದು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಭಾಗಾಕಾರಕ್ಕೆ ಕೂತೆ. ಮಧ್ಯಾಹ್ನವಾಯಿತು. ಒಂದರಿಂದಲೂ ಹೋಗಲಿಲ್ಲ.

“ಅಪ್ಪಾ, ಏಳರಲ್ಲಿ ಹೋಗುತ್ತೆ. ಸಂಯುಕ್ತ ಅಂತ ಬರ್ದೆ” ಎಂದಳು.

“ಅಳ್ಸು. ಅದು ಅವಿಭಾಜ್ಯ.”

“ಏಳರಲ್ಲೂ ನೋಡಿದ್ಯಾಪ್ಪಾ?”

“ನೋಡ್ದೆ ಕಣೇ! ಬೆಳಿಗ್ಗೆಯಿಂದ ಕೂತಿರೋನಿಗೆ ನೀನ್ ಹೇಳ್ಕೊಡ್ತೀಯಾ?”

ಸೊಪ್ಪು ಆಯುತ್ತಿದ್ದ ನನ್ನ ಅಮ್ಮ, “ಎಂಥಾ ಮೇಷ್ಟ್ರೋ ನೀನು! ಮಗೂನ ಬಾಯಿ ಬಿಡಕ್ಕೂ ಬಿಡಲ್ಲ” ಎಂದಳು. ಮಗಳು ರಬ್ಬರು ತೆಗೆದುಕೊಂಡಳು.

ಮರುದಿನ ಸಂಜೆ ಬಸ್ಸಿಳಿದು ಬಂದವಳು ಬ್ಯಾಗನ್ನು ಮೆಲ್ಲಗೆ ಇಟ್ಟಳು. ಬೇರೆ ಹುಡುಗಿ ಆಯ್ಕೆಯಾಗಿದ್ದಳು. ಏಳನ್ನು ಸಾವಿರದ ನಾನೂರ ಇಪ್ಪತ್ತೊಂಬತ್ತರಿಂದ ಗುಣಿಸಿದರೆ 10,003 ಎಂದು ನನಗೆ ಬಿಡಿಸಿ ಹೇಳಿದಳು.

“ಮೇಷ್ಟ್ರು ಏನಂದ್ರು?”

“ಸರಿಯಾಗಿದ್ದಿದ್ದನ್ನ ಅಳಿಸಿದ್ಯಲ್ಲಮ್ಮಾ, ಯಾರ್ ಹೇಳಿದ್ದು ಅಂದ್ರು. ನಾನೇ ಅಳಿಸ್ದೆ ಸಾರ್ ಅಂದೆ.”

ಅವಳು ಒಳಗೆ ಹೋದ ಮೇಲೆ ಕ್ಯಾಲೆಂಡರಿನ ಹಾಳೆ ತೆಗೆದು ನೋಡಿದೆ. ಎರಡು, ಮೂರು, ಐದು, ಹನ್ನೊಂದು. ಇಪ್ಪತ್ನಾಲ್ಕು ಭಾಗಾಕಾರ, ಒಂದೂ ತಪ್ಪಿಲ್ಲ. ಏಳು ಮಾತ್ರ ಇರಲೇ ಇಲ್ಲ. ನಮ್ಮ ಮನೆಮಾತು ತೆಲುಗು. ಅದರಲ್ಲಿ ‘ಏಡು’ ಎಂದರೆ ಏಳೂ ಹೌದು, ‘ಅಳು’ ಎಂಬ ಮಾತೂ ಹೌದು. ರಾಗಿ ಅಳೆಯುವಾಗ ಆ ಮಾತು ಬೇಡವೆಂದು ಅಮ್ಮ ‘ಆರೂ ಒಂದು’ ಎಂದೇ ಎಣಿಸುವುದು. ನಾನು ಎಣಿಕೆ ಕಲಿತದ್ದೂ ಹಾಗೆಯೇ. ಆರು ಅವಿಭಾಜ್ಯವಲ್ಲ ಎಂದು ದಾಟಿದಾಗ ಅದರ ಬೆನ್ನಿಗಿದ್ದ ಒಂದನ್ನೂ ದಾಟಿಬಿಟ್ಟಿದ್ದೆ.

ಅದು ಅಭ್ಯಾಸಬಲ, ಇರಲಿ. ಆದರೆ ‘ನೋಡ್ದೆ’ ಎಂದದ್ದು? ನೋಡಿದ್ದೆನೋ ಇಲ್ಲವೋ ಎಂದು ಹಾಳೆಯ ಮೇಲೆ ಕಣ್ಣಾಡಿಸಲೂ ಇಲ್ಲ. ಅವಳೆದುರು ಒಂದೇ ಒಂದು ಸಲ ಭಾಗಿಸಿದ್ದರೆ ಆಗುತ್ತಿತ್ತು. ಆ ಸಂಜೆಯಾದರೂ ಒಪ್ಪಿಕೊಳ್ಳಬಹುದಿತ್ತು. “ಮುಂದಿನ ವರ್ಷ ಹೋಗೋವಂತೆ ಬಿಡು” ಎಂದೆ.

ಈಗಲೂ ಕೇಳುತ್ತೇನೆ, “ಲೆಕ್ಕ ಏನಾದ್ರೂ ಇದ್ಯೇನೇ?”

“ಇಲ್ಲಪ್ಪಾ, ಆಯ್ತು” ಎನ್ನುತ್ತಾಳೆ. ಪುಸ್ತಕ ಮುಚ್ಚಿರುತ್ತದೆ.

ಈಗ ನನಗಿರುವುದು ಎರಡು ಎಕರೆ ತೋಟ, ಒಂದು ಹುಳುಮನೆ, ಮೂರು ಹಸು, ಒಬ್ಬಳು ಮಗಳು. ಅಮ್ಮನ ಲೆಕ್ಕದಲ್ಲಿ, ಆರೂ ಒಂದು.