ಒಂದನೇ ನಂಬರಿನ ಫೈಲುಗಳು

ಅಕ್ಕ ಇಪ್ಪತ್ತು ವರ್ಷದಿಂದ ನಕ್ಷೆ ಕಚೇರಿಯ ಹಳೆಯ ಫೈಲುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವವಳು. ಬೇರೆಯವರು ಕೈಚೆಲ್ಲಿ ಕೂತ ಸ್ಕ್ರಿಪ್ಟಿನಲ್ಲಿ, ಅಂದರೆ ಕಂಪ್ಯೂಟರಿಗೆ ಬರೆದ ಆಜ್ಞೆಗಳ ಪಟ್ಟಿಯಲ್ಲಿ, ತಪ್ಪು ಹುಡುಕುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಅದರ ಜಂಬವೂ ಇತ್ತು. ತಮ್ಮನಾದ ತಪ್ಪಿಗೆ ನಾನು ಸಹಿಸಿಕೊಂಡಿದ್ದೆ.

ಭಾವನಿಗೆ ಗಂಟಲಿನ ಕ್ಯಾನ್ಸರ್. ಆಪರೇಷನ್ ಆದರೆ ದನಿ ಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದಕ್ಕೇ ನಲವತ್ತು ದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಅಕ್ಕನಿಗೆ ಹೇಳಬೇಕಾದದ್ದನ್ನೆಲ್ಲ ರೆಕಾರ್ಡ್ ಮಾಡಿದರು. ದಿನಕ್ಕೊಂದು ಫೋಲ್ಡರು, ಒಂದೊಂದರಲ್ಲೂ ಹನ್ನೆರಡು ಫೈಲು. ರೆಕಾರ್ಡರು ಪ್ರತಿ ಫೋಲ್ಡರಿನಲ್ಲೂ ಒಂದರಿಂದಲೇ ನಂಬರು ಹಾಕುತ್ತಿತ್ತು.

ಆಪರೇಷನ್ ಆಗಿ ತಿಂಗಳಾದರೂ ಅಕ್ಕನಿಗೆ ಅವನ್ನು ಕೇಳುವ ಧೈರ್ಯ ಬರಲಿಲ್ಲ. ರೆಕಾರ್ಡರಿನಿಂದ ಕಂಪ್ಯೂಟರಿನ ಡಿಸ್ಕಿಗೆ ಸಾಗಿಸಿ, ಹೆದರಿಕೆಗೆ ಅಲ್ಲೇ ಮತ್ತೆ ಮತ್ತೆ ಕಾಪಿ ಮಾಡಿಟ್ಟಳು, ಅಷ್ಟೆ. ಡಿಸ್ಕು ತುಂಬಿತು. ಒಂದು ಭಾನುವಾರ ಬೆಳಿಗ್ಗೆ ನಕಲು ಅಳಿಸುವ ಸ್ಕ್ರಿಪ್ಟ್ ಬರೆದಳು. ಅದು ಫೋಲ್ಡರುಗಳನ್ನು ಒಂದೊಂದಾಗಿ ಹೊಕ್ಕು, ಸಿಕ್ಕ ಪ್ರತಿ ಫೈಲನ್ನೂ ಪರೀಕ್ಷಿಸಲು ಅವಳು ಬರೆದ ಆಜ್ಞೆಗಳ ತುಣುಕನ್ನು, ಅಂದರೆ ಫಂಕ್ಷನ್ನನ್ನು, ಕರೆಯುತ್ತದೆ. ಕಂಡ ಫೈಲೇ ಮತ್ತೆ ಬಂದರೆ ಫಂಕ್ಷನ್ ಅದನ್ನು ಅಳಿಸಬೇಕು. ಒಂದೇ ದಿನದ ಫೋಲ್ಡರು, ಅದರ ನಕಲು, ಇವೆರಡರ ಮೇಲೆ ಓಡಿಸಿ ನೋಡಿದಳು. ಸರಿಯಾಗಿತ್ತು. ಇಡೀ ಡಿಸ್ಕಿನ ಮೇಲೆ ಬಿಟ್ಟಳು. ಖಾಲಿಯಾದ ಜಾಗಕ್ಕೆ ಕಚೇರಿಯ ನಕ್ಷೆಗಳನ್ನು ತುಂಬಿದಳು.

ಮಂಗಳವಾರ ನನ್ನನ್ನು ಕರೆಸಿದಳು. ಮೊದಲ ದಿನದ ಹನ್ನೆರಡು ಫೈಲು ಬಿಟ್ಟರೆ ಏನೂ ಉಳಿದಿರಲಿಲ್ಲ. ಅವುಗಳಲ್ಲಿ ಇದ್ದದ್ದು ಬರೀ ಕೆಮ್ಮು, "ಹಲೋ, ಕೇಳಿಸ್ತಾ ಇದೆಯಾ", ಮತ್ತೆ ಕೆಮ್ಮು.

"ವಾಪಸ್ ತರೋಕೆ ಆಗಲ್ವಾ?" ಎಂದೆ.

"ಆ ಜಾಗದ ಮೇಲೆ ನಕ್ಷೆ ತುಂಬಿ ಆಯ್ತಲ್ಲೋ."

ಆದರೂ ಅವಳಿಗೆ ಕಾರಣ ಬೇಕಿತ್ತು. ಸುಳ್ಳು ಫೈಲುಗಳನ್ನಿಟ್ಟು, ಪ್ರತಿ ಸಲ ಫಂಕ್ಷನ್ನಿನ ಕೈಗೆ ಏನು ಬರುತ್ತದೆಂದು ಪರದೆಗೆ ಬರೆಸಿದಳು. ಒಂದು, ಎರಡು, ಮೂರು. ಮತ್ತೆ ಒಂದು, ಎರಡು, ಮೂರು.

"ಬರೀ ಫೈಲಿನ ಹೆಸರು ಕೊಡ್ತಾ ಇದೆ ಕಣೋ. ಯಾವ ಫೋಲ್ಡರಿಂದು ಅಂತ ನಾನು ಕೇಳೇ ಇಲ್ಲ. ನಲವತ್ತು ದಿನಾನೂ ಒಂದೇ ದಿನ ಅಂದ್ಕೊಂಡುಬಿಟ್ಟಿದೆ."

ದಿನದ ಹೆಸರನ್ನೂ ಸೇರಿಸಿ ಹೋಲಿಸುವಂತೆ ಒಂದೇ ಸಾಲು ತಿದ್ದಿದಳು. ಚೊಕ್ಕವಾಗಿ ಓಡಿತು. ನನಗೆ ಮೈಯೆಲ್ಲ ಉರಿಯಿತು. ಬೈಯೋಣವೆಂದರೆ ಅವಳ ಮುಖ ನೋಡಲಾಗಲಿಲ್ಲ.

ಭಾವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಒಳಗೆ ಬಂದು ಚೀಟಿಯಲ್ಲಿ ಬರೆದು ಅವಳ ಮುಂದಿಟ್ಟರು: "ಹೇಳಿದ್ದೆಲ್ಲಾ ನೆನಪಿದೆ. ಬರೆದು ಕೊಡ್ತೀನಿ. ಓದ್ಕೋ."

ಅಕ್ಕ ಅದನ್ನು ಎರಡು ಸಲ ಓದಿದಳು.

"ಓದಿದ್ರೆ ನನ್ನ ದನೀಲೇ ತಾನೇ ರೀ ಕೇಳಿಸೋದು," ಅಂದಳು.